ಕರಪ್ಟ್ ಅಲ್ಲಪ್ಪಾ, ಎನ್‌ಕ್ರಿಪ್ಟ್!

ಗುಟ್ಟು ಮತ್ತು ಹಾಲು ನಮ್ಮ ಮನೆಯಲ್ಲಿ ಒಂದೇ ಜಾತಿಯವು. ಕಾಯಿಸಿದರೆ ಉಕ್ಕುತ್ತವೆ, ಕಾಯಿಸದೆ ಬಿಟ್ಟರೆ ಒಡೆಯುತ್ತವೆ. ನನಗೆ ಸಕ್ಕರೆ ಕಾಯಿಲೆ ಎಂಬ ರಿಪೋರ್ಟು ನನ್ನ ಕೈ ಸೇರುವ ಮೊದಲೇ ಎದುರುಮನೆಯಾಕೆ ಬಂದು ಮೆಂತ್ಯ ನೆನೆಹಾಕುವ ಕ್ರಮ ಹೇಳಿಕೊಟ್ಟು ಹೋಗಿದ್ದರು. ನಮ್ಮ ಮನೆಯ ಬೀಗದ ಕೈ ಇರುವುದು ಕರೆಂಟ್ ಮೀಟರಿನ ಪೆಟ್ಟಿಗೆಯ ಮೇಲೆ. ಇದು ಪರಮ ಗುಟ್ಟು. ನಮ್ಮಿಬ್ಬರನ್ನು ಬಿಟ್ಟರೆ ಹಾಲಿನವನಿಗೆ, ಹೂವಿನವಳಿಗೆ, ಪೇಪರ್ ಹುಡುಗನಿಗೆ, ಮನೆಕೆಲಸದವಳಿಗೆ ಮತ್ತು ಅವಳು ರಜೆ ಹಾಕಿದಾಗ ಬರುವ ಅವಳ ನಾದಿನಿಗೆ ಮಾತ್ರ ಗೊತ್ತು. ಇಂಥ ಮನೆಯ ಯಜಮಾನನಾದ ನಾನು, ಅರವತ್ತೆಂಟರ ಪ್ರಾಯದಲ್ಲಿ, ಈಮೇಲಿಗೆ ಬೀಗ ಹಾಕಲು ಹೊರಟೆ.

ಹೊರಟದ್ದಕ್ಕೆ ಕಾರಣ ಅರಸೀಕೆರೆಯ ಸೈಟು. ಅಪ್ಪ ಬಿಟ್ಟುಹೋದ ಮೂವತ್ತು-ನಲವತ್ತರ ಸೈಟು. ಅದಕ್ಕೆ ಅಕ್ಕ, ನಾನು, ತಮ್ಮ ಮೂವರು ಹಕ್ಕುದಾರರು. ತಮ್ಮ ಅಲ್ಲೇ ರೈಲ್ವೆಯಿಂದ ನಿವೃತ್ತನಾಗಿ ಕೂತಿದ್ದಾನೆ. ಅವನು ಒಬ್ಬ ಗಿರಾಕಿಯನ್ನು ಹಿಡಿದಿದ್ದ. ಮಾತುಕತೆ ಕುದುರುವ ಹೊತ್ತಿಗೆ ಅಕ್ಕ ಫೋನ್ ಮಾಡಿ ದನಿ ತಗ್ಗಿಸಿ ಹೇಳಿದಳು: "ನೋಡ್ರೋ, ಅಗ್ರಿಮೆಂಟ್ ಆಗೋವರೆಗೂ ನಿಮ್ಮ ಭಾವಂಗೆ ಹೇಳ್ಬೇಡಿ. ಹೇಳಿದ್ರೆ ಅವರ ಪರಿಚಯದ ಬ್ರೋಕರ್ ಬರ್ತಾನೆ."

ಭಾವ ನಿವೃತ್ತ ಎಂಜಿನಿಯರ್. ಸಲಹೆ ಕೊಡುವುದರಿಂದ ಮಾತ್ರ ಇನ್ನೂ ನಿವೃತ್ತರಾಗಿಲ್ಲ. ಪ್ರತಿ ಕೆಲಸಕ್ಕೂ ಅವರ ಬಳಿ ಒಬ್ಬ 'ನಮ್ಮ ಹುಡುಗ' ಇರುತ್ತಾನೆ. ನಮ್ಮ ಮನೆಗೆ ಸೋಲಾರ್ ಹಾಕಿದ 'ನಮ್ಮ ಹುಡುಗ' ಬಿಸಿನೀರಿನ ಪೈಪನ್ನು ತುಳಸಿಕಟ್ಟೆಯ ನಲ್ಲಿಗೆ ಕೊಟ್ಟುಹೋಗಿ, ಆ ವರ್ಷ ನಮ್ಮ ತುಳಸಿಗೆ ಅಭ್ಯಂಜನದ ಯೋಗ ಬಂದಿತ್ತು.

ಪಾನ್ ನಂಬರು, ಬ್ಯಾಂಕ್ ಖಾತೆ, ಆಡಿದ ಬೆಲೆ, ಮುಂಗಡ, ಇವನ್ನೆಲ್ಲ ತಮ್ಮನಿಗೆ ಮೇಲ್ ಮಾಡಬೇಕಿತ್ತು. ಆ ಭಾನುವಾರ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಸಾಫ್ಟ್‌ವೇರಿನವನು. ನಾನು ಟೈಪಿಸುತ್ತಿದ್ದುದನ್ನು ಬಗ್ಗಿ ನೋಡಿ, "ಮಾವ, ಇದು ಕಾರ್ಡು ಬರೆದಂಗೆ ಆಯ್ತು" ಅಂದ.

ಕಾರ್ಡು ಎಂದೊಡನೆ ನನಗೆ ಎದೆ ಝಲ್ಲೆಂದಿತು. ಕಾರ್ಡಿನ ಕಾಲದವನು ನಾನು. ಮೂಲೆಗೆ ಅರಿಸಿನ ಹಚ್ಚಿದ ಕಾರ್ಡು ಬಂದರೆ ನಮ್ಮೂರ ಅಂಚೆಯವನು ಬೀದಿಯ ತುದಿಯಿಂದಲೇ, "ಅಮ್ಮಾ, ಬೀರೂರಲ್ಲಿ ಗಂಡು ಮಗು, ತಾಯಿ ಮಗು ಕ್ಷೇಮ!" ಎಂದು ಕೂಗುತ್ತಿದ್ದ. ನಾವು ಓದುವುದಕ್ಕೆ ಉಳಿಯುತ್ತಿದ್ದುದು ಇತಿ ಆಶೀರ್ವಾದಗಳು ಮಾತ್ರ. ಗುಟ್ಟಿನ ವಿಷಯಕ್ಕೆ ನೀಲಿ ಇನ್‌ಲ್ಯಾಂಡ್ ಇತ್ತು. ಅದನ್ನೂ ಎರಡು ಬದಿ ಅದುಮಿ, ಕೊಳವೆ ಮಾಡಿ, ಒಂದು ಕಣ್ಣು ಮುಚ್ಚಿ ಒಳಗಿನದನ್ನು ಓದುವ ಕಲೆಯಲ್ಲಿ ನಮ್ಮ ಸೋದರತ್ತೆ ಪಳಗಿದ್ದರು.

"ಈಗ ದಾರೀಲಿ ಮೇಲ್ ಸಾಮಾನ್ಯವಾಗಿ ಮುಚ್ಚಿಕೊಂಡೇ ಹೋಗುತ್ತೆ ಮಾವ. ಆದ್ರೆ ಎರಡೂ ಕಡೆಯ ಅಂಚೆ ಕಚೇರೀಲಿ ಬಿಚ್ಚಿಟ್ಟಿರ್ತಾರೆ. ಕಂಪನಿಯವರು ಮನಸ್ಸು ಮಾಡಿದ್ರೆ ಓದಬಹುದು, ಪಾಸ್‌ವರ್ಡ್ ಕದ್ದವನೂ ಓದಬಹುದು. ಎನ್‌ಕ್ರಿಪ್ಟ್ ಮಾಡಿದ್ರೆ ಚಿಕ್ಕಮಾವನ ಹೊರತು ಇನ್ಯಾರೂ ಓದೋಕಾಗಲ್ಲ."

"ಗೂಢಲಿಪೀಕರಣ!" ಎಂದೆ. ನಾನು ಮೂವತ್ತಮೂರು ವರ್ಷ ಕನ್ನಡ ಪಾಠ ಮಾಡಿದವನು.

"ಅದನ್ನ ಬಾಯಲ್ಲಿ ಹೇಳಿದ್ರೇ ಅರ್ಧ ಎನ್‌ಕ್ರಿಪ್ಟ್ ಆಗಿಹೋಗುತ್ತೆ ಮಾವ."

ನಾನು ಬಿಡಲಿಲ್ಲ. ಗೂಢಲಿಪಿ ಕನ್ನಡಿಗರಿಗೆ ಹೊಸದಲ್ಲವೆಂದು ಕುಮುದೇಂದು ಮುನಿಯ 'ಸಿರಿಭೂವಲಯ'ದ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಇಪ್ಪತ್ತೇಳು ಸಾಲು, ಇಪ್ಪತ್ತೇಳು ಕಂಬದ ಚೌಕ. ಒಟ್ಟು 729 ಮನೆ, ಒಂದೊಂದರಲ್ಲೂ 1ರಿಂದ 64ರೊಳಗಿನ ಒಂದು ಅಂಕಿ, ಪ್ರತಿ ಅಂಕಿಗೂ ಒಂದು ಧ್ವನಿ. ಯಾವ ಮನೆಯಿಂದ ಯಾವ ಮನೆಗೆ ಹಾರಬೇಕೆಂಬ ಬಂಧ ಗೊತ್ತಿದ್ದರೆ ಕಾವ್ಯ, ಗೊತ್ತಿಲ್ಲದಿದ್ದರೆ ಲಾಟರಿ ಫಲಿತಾಂಶ. ಅದರ ಕಾಲದ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಉಪನ್ಯಾಸ ಮುಗಿದಾಗ ಹುಡುಗ ಮೊಬೈಲ್ ನೋಡುತ್ತಿದ್ದ, ನನ್ನಾಕೆ ಅವರೆಕಾಯಿ ಬಿಡಿಸುತ್ತಿದ್ದಳು.

"ಗುಟ್ಟಿನ ಭಾಷೆಗೆ ಇಷ್ಟೆಲ್ಲ ಯಾಕ್ರೀ? ನಾನೂ ನನ್ನ ತಂಗೀನೂ ಅಕ್ಷರಕ್ಕೊಂದು 'ಕ' ಸೇರಿಸಿ ಮಾತಾಡ್ತೀವಲ್ಲ. 'ನೀನು ಬಾ' ಅನ್ನೋಕೆ 'ಕನೀ ಕನು ಕಬಾ'. ನಲವತ್ತು ವರ್ಷದಿಂದ ನಿಮಗೆ ಅರ್ಥ ಆಗಿದೆಯಾ?"

ಆಗಿಲ್ಲ. ಎದುರಿಗೇ ಕೂತು ನನ್ನನ್ನು ಬೈದಿದ್ದರೂ ನಾನು ನಗುತ್ತಾ ಕೂತಿದ್ದೇನೆ ಎಂದು ಅಂದು ತಿಳಿಯಿತು.

"ಅತ್ತೆ, ಅದೂ ಎನ್‌ಕ್ರಿಪ್ಷನ್ನೇ" ಎಂದ ಹುಡುಗ. "ಆದ್ರೆ 'ಕ' ಸೇರಿಸಬೇಕು ಅಂತ ನಿಮ್ಮ ತಂಗಿಗೆ ನೀವು ಮೊದಲೇ ಪಕ್ಕದಲ್ಲಿ ಕೂತು ಹೇಳಿರಬೇಕು. ದೂರದಲ್ಲಿರೋರಿಗೆ ಕೀ ಕಳಿಸೋದು ಹೇಗೆ? ದಾರೀಲಿ ಕದೀತಾರಲ್ಲ. ಅದಕ್ಕೆ 1976ರಲ್ಲಿ ಡಿಫಿ, ಹೆಲ್‌ಮನ್ ಅಂತ ಇಬ್ಬರು ಉಪಾಯ ಹುಡುಕಿದರು. ಇಲ್ನೋಡಿ, ಮಾವ ಒಂದು ಬೀಗ ಮಾಡಿಸ್ತಾರೆ. ಒತ್ತಿದರೆ ಕೂತುಕೊಳ್ಳೋ ಥರದ್ದು. ಆ ತೆರೆದ ಬೀಗದ ನಕಲನ್ನ ಊರಿಗೆಲ್ಲ ಹಂಚಿಬಿಡ್ತಾರೆ. ಅದು ಪಬ್ಲಿಕ್ ಕೀ. ಯಾರಾದ್ರೂ ಮಾವಂಗೆ ಕಾಗದ ಬರೆದು, ಡಬ್ಬಿಗೆ ಹಾಕಿ, ಆ ಬೀಗ ಒತ್ತಿ ಕಳಿಸ್ತಾರೆ. ಒತ್ತಿದವರಿಗೂ ತೆಗೆಯೋಕಾಗಲ್ಲ. ತೆಗೆಯೋ ಬೀಗದ ಕೈ, ಅಂದ್ರೆ ಪ್ರೈವೇಟ್ ಕೀ, ಮಾವನ ಹತ್ರ ಮಾತ್ರ ಇರುತ್ತೆ."

ಅವರೆಕಾಯಿ ನಿಂತಿತು. "ಬೀಗ ಊರಿಗೆಲ್ಲ ಹಂಚಿ, ಬೀಗದ ಕೈ ಇವರ ಹತ್ರ ಇಡೋದಾ? ಯಾರಪ್ಪಾ ಕಂಡುಹಿಡಿದಿದ್ದು ಇದನ್ನ? ಹೋದ ವಾರ ಸ್ಕೂಟರ್ ಕೀ ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪಿನ ಜೊತೆ ಸಿಕ್ತು!"

ಗಣಿತಜ್ಞರು ಈ ಪದ್ಧತಿಯನ್ನು ಎಷ್ಟೋ ಬಗೆಯಲ್ಲಿ ಪರೀಕ್ಷಿಸಿದ್ದಾರೆ. ಅದರ ನಿಜವಾದ ದೌರ್ಬಲ್ಯವನ್ನು ನನ್ನಾಕೆ ಮೊದಲ ಕೇಳ್ವಿಗೇ ಹಿಡಿದಳು.

ಹುಡುಗ ಬ್ರೌಸರಿಗೆ ಏನೋ ಒಂದು ಬಾಲಂಗೋಚಿ ಸೇರಿಸಿದ. ನನ್ನ ಹೆಸರಲ್ಲಿ ಜೋಡಿ ಕೀ ಹುಟ್ಟಿದವು. ಇದರ ಮೂಲಪುರುಷ ಫಿಲ್ ಜಿಮ್ಮರ್‌ಮನ್ ಎಂಬ ಅಮೆರಿಕದವನೆಂದೂ, 1991ರಲ್ಲಿ ಅವನು 'ಪ್ರೆಟಿ ಗುಡ್ ಪ್ರೈವಸಿ', ಅಂದರೆ ಪಿಜಿಪಿ, ಎಂಬ ತಂತ್ರಾಂಶ ಬರೆದು ಜನರಿಗೆ ಬಿಟ್ಟಿಯಾಗಿ ಕೊಟ್ಟನೆಂದೂ ಹೇಳಿದ. ಅಂದಿನ ಅಮೆರಿಕದ ಕಾನೂನಿನಲ್ಲಿ ಗಟ್ಟಿ ಗೂಢಲಿಪಿ ಯುದ್ಧಸಾಮಗ್ರಿಯ ಪಟ್ಟಿಯಲ್ಲಿತ್ತು. ಅದು ದೇಶ ದಾಟಿತೆಂದು ಸರ್ಕಾರ ಆತನ ಮೇಲೆ ಮೂರು ವರ್ಷ ತನಿಖೆ ನಡೆಸಿ, 1996ರಲ್ಲಿ ಮೊಕದ್ದಮೆ ಹೂಡದೆ ಕೈಬಿಟ್ಟಿತು. ನಡುವೆ, 1995ರಲ್ಲಿ, ಅದೇ ತಂತ್ರಾಂಶದ ಪೂರ್ತಿ ಸಂಕೇತವನ್ನು ಎಂಐಟಿ ಪ್ರೆಸ್ ದಪ್ಪ ಪುಸ್ತಕವಾಗಿ ಅಚ್ಚು ಹಾಕಿತು. ಫೈಲಾಗಿ ಹೊರಗೆ ಹೋದರೆ ಆಯುಧ, ಪುಸ್ತಕವಾಗಿ ಹೋದರೆ ಬರಿಯ ಅಕ್ಷರ! ಪುಸ್ತಕದ ಶಕ್ತಿಯನ್ನು ಆ ದೇಶ ಗುರುತಿಸಿದ ರೀತಿಗೆ, ಸ್ವತಃ ಗ್ರಂಥಕರ್ತನಾದ ನನ್ನ ಕಣ್ಣು ತೇವವಾಯಿತು.

ಹೌದು, ನಾನೂ ಗ್ರಂಥಕರ್ತ. ಒಂದು ಕವನ ಸಂಕಲನ. ಐನೂರು ಪ್ರತಿ ಅಚ್ಚಾಗಿದ್ದವು. ಮುನ್ನೂರ ಎಂಬತ್ತು ಪ್ರತಿಗಳು ನಮ್ಮ ಮಂಚದ ಕೆಳಗೆ ಎರಡನೇ ಮುದ್ರಣಕ್ಕೆ ಕಾಯುತ್ತಿವೆ.

"ಮಾವ, ಈಗ ಪಾಸ್‌ಫ್ರೇಜ್ ಹಾಕಿ. ಉದ್ದ ಇರಬೇಕು, ಯಾರಿಗೂ ಊಹೆಗೆ ಸಿಗಬಾರದು, ನಿಮಗೆ ಮರೀಬಾರದು. ಮರೆತರೆ ದೇವರೇ ಬಂದ್ರೂ ತೆಗೆಯೋಕಾಗಲ್ಲ. 'ಫರ್ಗಾಟ್ ಪಾಸ್‌ವರ್ಡ್' ಅಂತ ಒತ್ತಿದ್ರೆ ಹೊಸದು ಕೊಡೋಕೆ ಇಲ್ಲಿ ಯಾರೂ ಕೂತಿಲ್ಲ."

ಈ ಮಾತು ಕೇಳಿದ ಮೇಲೆ ನನಗೆ ಕೈ ಬೆವರಿತು. ನನ್ನಂಥವರು ಈ ಬೀಗಕ್ಕೆ ಹಿಂಜರಿಯುವುದು ಇಲ್ಲಿಯೇ. ಕಳ್ಳ ಬರುವುದು ಯಾವತ್ತೋ, ಮರೆವು ಬರುವುದು ಪ್ರತಿದಿನ. ಬ್ಯಾಂಕಿನ ಪಾಸ್‌ವರ್ಡ್ ಮರೆತರೆ ಹೊಸದು ಕೊಡುತ್ತಾರೆ, ಎಟಿಎಂ ಪಿನ್ ಮರೆತರೆ ಬೈದಾದರೂ ಕೊಡುತ್ತಾರೆ. ಇಲ್ಲಿ ಮರೆತರೆ ನನ್ನ ಕಾಗದಗಳಿಗೆ ನಾನೇ ಕಳ್ಳ, ಅದೂ ಕೈಲಾಗದ ಕಳ್ಳ.

ಆದರೂ ಉದ್ದನೆಯ ಒಂದು ವಾಕ್ಯ ಹೊಸೆದೆ, ಚೀಟಿಯಲ್ಲಿ ಬರೆದೆ. ಚೀಟಿ ಎಲ್ಲಿಡುವುದು? ಬೀರು ನನ್ನಾಕೆಯ ವಶ. ದೇವರ ಮನೆಯೂ ಅವಳದೇ. ಯಾವ ಮನುಷ್ಯಜೀವಿಯೂ ಕೈಹಾಕದ, ಹಾಕುವ ಸಂಭವವೂ ಇಲ್ಲದ ಜಾಗ ಒಂದೇ ಒಂದು. ಮಂಚದ ಕೆಳಗೆ ಬಗ್ಗಿ, ಸೊಂಟನೋವಿನಿಂದ ಹೆಚ್ಚು ಒಳಗೆ ಹೋಗಲಾಗದೆ, ಮೊದಲ ಕಟ್ಟಿನ ಮೇಲಿನ ಪ್ರತಿಯ 47ನೇ ಪುಟದಲ್ಲಿ, 'ಮೌನ' ಎಂಬ ಕವಿತೆಯ ಮಡಿಲಲ್ಲಿ ಚೀಟಿ ಇಟ್ಟೆ.

ಹುಡುಗ ಅಂದು ರಾತ್ರಿಯೇ ಬೆಂಗಳೂರಿಗೆ ಹೋದ. ಮರುದಿನ ನಾನೊಬ್ಬನೇ ಕೂತು ಕಾಗದ ಬರೆದೆ. ಬಾಲಂಗೋಚಿ, "ಯಾರ ಕೀ?" ಎಂದು ಕೇಳಿತು. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು, ನನ್ನದು. ನನ್ನ ಕಾಗದ, ನನ್ನ ಬೀಗ, ಅದರಲ್ಲಿ ಕೇಳುವುದೇನಿದೆ ಎಂದು ಒತ್ತಿದೆ. ಅಚ್ಚಗನ್ನಡದ ನನ್ನ ಕಾಗದ ಕ್ಷಣದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೂಡು ಚಿಹ್ನೆ, ಓರೆಗೆರೆಗಳ ರಾಶಿಯಾಗಿ ಬಿತ್ತು, ಮೆಣಸಿನಪುಡಿಯ ಮಿಷನ್ನಿಗೆ ವ್ಯಾಕರಣದ ಪುಸ್ತಕ ಹಾಕಿದ ಹಾಗೆ. ಅದನ್ನು ಮೇಲಿಗೆ ಅಂಟಿಸಿ ತಮ್ಮನಿಗೆ ಕಳಿಸಿದೆ. ಅಕ್ಕನ ಮಾಹಿತಿಗೆ ಅವಳಿಗೂ ಒಂದು ಪ್ರತಿ.

ಮಧ್ಯಾಹ್ನ ಎರಡು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಫೋನು.

"ಸಾರ್, ಅರಸೀಕೆರೆ ಸೈಬರ್ ಸೆಂಟರಿಂದ. ನಿಮ್ಮ ತಮ್ಮ ಇಲ್ಲೇ ಅವ್ರೆ. ನೀವು ಕಳಿಸಿರೋದು ಕರಪ್ಟ್ ಆಗದೆ ಸಾರ್."

"ಕರಪ್ಟ್ ಅಲ್ಲಪ್ಪಾ, ಎನ್‌ಕ್ರಿಪ್ಟ್!"

"ಅದೇ ಸಾರ್, ಕರಪ್ಟೇ. ಫಾಂಟ್ ಪ್ರಾಬ್ಲಮ್ ಇರ್ಬೈದು ಅಂತ ನುಡಿಲೂ ನೋಡ್ದೆ, ಬರಹದಲ್ಲೂ ನೋಡ್ದೆ. ಮೂರು ಪೇಜು ಪ್ರಿಂಟೂ ತೆಗ್ದೆ. ಬರಲ್ಲ. ವಾಟ್ಸಾಪ್ ಮಾಡ್ಬಿಡಿ ಸಾರ್."

ಸಂಜೆಯ ಹೊತ್ತಿಗೆ ಅರಸೀಕೆರೆಯಲ್ಲಿ ಸುದ್ದಿ ಹಬ್ಬಿತ್ತು: ರೈಲ್ವೆಯವರ ಅಣ್ಣ ಸೈಟಿನ ವ್ಯವಹಾರದಲ್ಲಿ ಏನೋ ಕರಪ್ಷನ್ ಮಾಡಿದ್ದಾನಂತೆ, ಕಾಗದಪತ್ರವೆಲ್ಲ ಕರಪ್ಟಂತೆ. ತಮ್ಮನ ಹೆಂಡತಿ ಆ ಮೂರು ಹಾಳೆಯನ್ನು ದೂರದಿಂದ ನೋಡಿ, ಯಾರೋ ಮಾಟದ ಯಂತ್ರ ಬರೆಸಿ ಕಳಿಸಿದ್ದಾರೆಂದು ಮನೆಯೊಳಕ್ಕೆ ಬಿಡಲಿಲ್ಲ. ಹಾಳೆಗಳು ಆ ರಾತ್ರಿ ಜಗಲಿಯ ಮೇಲೆ ಕಲ್ಲಿನಡಿ ಮಲಗಿದವು.

ಹುಡುಗನಿಗೆ ಫೋನ್ ಮಾಡಿದೆ. ಅವನು ನಕ್ಕು ನಕ್ಕು, "ಮಾವ, ನಿಮ್ಮ ಬೀಗಾನೇ ಒತ್ತಿ ಕಳಿಸಿದ್ದೀರಿ. ಅದನ್ನ ನಿಮ್ಮನ್ನು ಬಿಟ್ಟು ಇನ್ಯಾರೂ ತೆಗೆಯೋಕಾಗಲ್ಲ. ಚಿಕ್ಕಮಾವನ ಬೀಗ ಹಾಕಬೇಕಿತ್ತು" ಎಂದ. ಅಂದರೆ ನನ್ನ ಗುಟ್ಟನ್ನು ನಾನೇ ಬಿಗಿಯಾಗಿ ಮುಚ್ಚಿ, ನಾನೊಬ್ಬನೇ ಓದಬಹುದಾದಂತೆ ಮಾಡಿ, ನೂರೈವತ್ತು ಕಿಲೋಮೀಟರು ದೂರ ಕಳಿಸಿದ್ದೆ.

ನಾನು ನೊಂದುಕೊಂಡದ್ದು ನೋಡಿ ಸಮಾಧಾನಕ್ಕೆ ಒಂದು ಕಥೆ ಹೇಳಿದ. 1999ರಲ್ಲಿ ಆಲ್ಮಾ ವಿಟನ್, ಟೈಗರ್ ಎಂಬಿಬ್ಬರು ಅಮೆರಿಕದಲ್ಲಿ ಹನ್ನೆರಡು ಮಂದಿಯನ್ನು ಕೂರಿಸಿ, ಎದುರಿಗೆ ಪಿಜಿಪಿ ಇಟ್ಟು, ತೊಂಬತ್ತು ನಿಮಿಷ ಕೊಟ್ಟು, ಒಂದು ಗುಟ್ಟಿನ ಮೇಲ್ ಕಳಿಸಿ ಎಂದರಂತೆ. ಎಲ್ಲರೂ ಮೇಲ್ ಬಳಸಿ ಪಳಗಿದವರೇ. ಮೂರರಲ್ಲಿ ಒಂದು ಪಾಲು ಜನ ಮಾತ್ರ ಕೊನೆಗೂ ಸರಿಯಾಗಿ ಮಾಡಿದರು. ಮೂವರು ಗುಟ್ಟನ್ನು ಬೀಗವಿಲ್ಲದೆ ಹಾಗೇ ಕಳಿಸಿಬಿಟ್ಟರು. ಮತ್ತೆ, ಒಂದಲ್ಲ ಒಂದು ಹಂತದಲ್ಲಿ, ಒಟ್ಟು ಏಳು ಮಂದಿ? ನನ್ನ ಹಾಗೆಯೇ ತಮ್ಮ ಬೀಗವನ್ನೇ ಒತ್ತಿ ಊರಿಗೆ ಕಳಿಸಿದ್ದರು! ಆ ಪ್ರಬಂಧದ ಹೆಸರು 'ವೈ ಜಾನಿ ಕಾಂಟ್ ಎನ್‌ಕ್ರಿಪ್ಟ್'. ಕಾಣದ ಆ ಏಳು ಮಂದಿ ನನಗೆ ಹಿಂದಿನ ಜನ್ಮದ ಬಂಧುಗಳಂತೆ ತೋರಿದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2012ರ ಡಿಸೆಂಬರಿನಲ್ಲಿ ಗ್ಲೆನ್ ಗ್ರೀನ್‌ವಾಲ್ಡ್ ಎಂಬ ಪತ್ರಕರ್ತನಿಗೆ ಒಬ್ಬ ಅನಾಮಧೇಯ ಮೇಲ್ ಬರೆದ: ನಿಮಗೆ ಮುಖ್ಯವಾದ ವಿಷಯ ಹೇಳಬೇಕು, ಮೊದಲು ಪಿಜಿಪಿ ಹಾಕಿಕೊಳ್ಳಿ. ಗ್ರೀನ್‌ವಾಲ್ಡ್ 'ಆಗಲಿ' ಎಂದ, ಹಾಕಿಕೊಳ್ಳಲಿಲ್ಲ. ಆತ ಹಂತಹಂತವಾಗಿ ಹೇಳಿಕೊಡುವ ವಿಡಿಯೋ ಮಾಡಿ ಕಳಿಸಿದ. ಆಗಲೂ ಇಲ್ಲ. ಬೇಸತ್ತು ಆತ ಬೇರೊಬ್ಬರ ಕಡೆ ಹೋದ. ಆ ಅನಾಮಧೇಯ ಎಡ್ವರ್ಡ್ ಸ್ನೋಡೆನ್. ಅಮೆರಿಕ ಸರ್ಕಾರ ಜಗತ್ತಿನ ಫೋನು-ಮೇಲುಗಳಲ್ಲಿ ಇಣುಕುತ್ತಿದೆ ಎಂಬ ಶತಮಾನದ ಸುದ್ದಿ, ಒಂದು ಬಾಲಂಗೋಚಿ ಹಾಕಿಕೊಳ್ಳುವ ಸೋಮಾರಿತನಕ್ಕೆ ಕೈತಪ್ಪಿಹೋಗುವುದರಲ್ಲಿತ್ತು. ಕೊನೆಗೆ 2013ರ ಜೂನಿನಲ್ಲಿ ಸುದ್ದಿ ಹೊರಬಂತು, ಗ್ರೀನ್‌ವಾಲ್ಡ್‌ನ ಕೈಯಿಂದಲೇ. ಇನ್ನು ಮೂಲಪುರುಷ ಜಿಮ್ಮರ್‌ಮನ್? 2015ರಲ್ಲಿ ಯಾರೋ ಆತನಿಗೆ ಬೀಗ ಹಾಕಿದ ಮೇಲ್ ಕಳಿಸಿದರೆ, ಬೀಗವಿಲ್ಲದೆ ಕಳಿಸಿ, ನನ್ನ ಸಾಧನದಲ್ಲಿ ಇದು ತೆರೆಯುವುದಿಲ್ಲ ಎಂದು ಉತ್ತರಿಸಿದನಂತೆ. ಬಾಣಸಿಗನೇ ಹೋಟೆಲಿನಿಂದ ಊಟ ತರಿಸಿದ ಮೇಲೆ ನಮ್ಮಂಥ ಗಿರಾಕಿಗಳ ಪಾಡೇನು!

"ಹಾಗಿದ್ರೆ ಬಿಟ್ಟುಬಿಡೋಣವೇನೋ?" ಎಂದೆ.

"ಇನ್ನೊಂದು ಸಲ ನೋಡೋಣ ಮಾವ. ನಾನು ಚಿಕ್ಕಮಾವಂಗೂ ಕೀ ಮಾಡಿಕೊಡ್ತೀನಿ. ಅವರ ಕೀ ಬಂದಮೇಲೆ ಅದು ನಿಜವಾಗ್ಲೂ ಅವರದ್ದೇನಾ ಅಂತ ಫೋನಲ್ಲಿ ಫಿಂಗರ್‌ಪ್ರಿಂಟ್ ಓದಿಸಿ ತಾಳೆ ನೋಡಿ."

ಫಿಂಗರ್‌ಪ್ರಿಂಟ್ ಎಂದರೆ ಹೆಬ್ಬೆಟ್ಟಲ್ಲ. ನಲವತ್ತು ಅಕ್ಷರ-ಅಂಕಿಗಳ ಸರ, ಎ-ಯಿಂದ ಎಫ್‌ವರೆಗಿನ ಅಕ್ಷರ ಮತ್ತು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ. ಬೆಳಿಗ್ಗೆ ಹತ್ತಕ್ಕೆ ನಾವು ಅಣ್ಣತಮ್ಮಂದಿರು ತಾಳೆ ನೋಡಲು ಕೂತೆವು. ಇಬ್ಬರಿಗೂ ಕಿವಿ ಅಷ್ಟಕ್ಕಷ್ಟೇ.

"ಹೇಳು."

"ಬಿ."

"ಡಿ-ನಾ?"

"ಬಿ ಅಣ್ಣಾ. ಬೀರೂರು ಬಿ."

"ಹಾಂ, ಮುಂದೆ."

"ಡಿ. ದಾವಣಗೆರೆ. ಆಮೇಲೆ ಏಳು. ಆಮೇಲೆ ಎ, ಅರಸೀಕೆರೆ. ಸಿ, ಚಿಕ್ಕಜಾಜೂರು."

ರೈಲ್ವೆಯವನ ಬಾಯಲ್ಲಿ ಬೀಗದ ಗುರುತು ಪ್ಯಾಸೆಂಜರ್ ಗಾಡಿಯಾಗಿ ಒಂದೊಂದೇ ಸ್ಟೇಷನ್ನಿನಲ್ಲಿ ನಿಂತು ಹೊರಡುತ್ತಿತ್ತು. ಹದಿನೆಂಟನೆಯ ಅಕ್ಷರದಲ್ಲಿ ಗಾಡಿ ನಿಂತಿತು.

"ಎಫ್‌ಗೆ ನಮ್ಮ ಲೈನಲ್ಲಿ ಸ್ಟೇಷನ್ನೇ ಇಲ್ಲ ಕಣಣ್ಣ."

"ಫ್ರೇಸರ್‌ಪೇಟೆ ಅನ್ನು. ಕುಶಾಲನಗರದ ಹಳೇ ಹೆಸರು."

"ಅಲ್ಲಿಗೆ ರೈಲೇ ಇಲ್ಲವಲ್ಲ!"

ರೈಲಿಲ್ಲದ ಊರನ್ನು ಒಪ್ಪಲು ಅವನ ವೃತ್ತಿಧರ್ಮ ಅಡ್ಡಬಂತು. ಅಲ್ಲಿಂದ ಜಗಳ ಹತ್ತಿತು. ಮೂರು ಸಲ ಮೊದಲಿನಿಂದ ಹೊರಟೆವು. ನಾಲ್ಕನೆಯ ಸಲ ಅವನು ದನಿ ಬದಲಿಸಿ ಕೇಳಿದ: "ಅಲ್ಲಾ ಅಣ್ಣ, ನಾನು ನಾನೇ ಅಂತ ನಿಂಗೆ ನಂಬಿಕೆ ಇಲ್ವಾ? ಅರವತ್ತಮೂರು ವರ್ಷದಿಂದ ನಿನ್ನ ತಮ್ಮ ಆಗಿದೀನಿ. ಇವತ್ತು ನಲವತ್ತಕ್ಷರ ಒಪ್ಪಿಸಿದ್ರೇನೆ ತಮ್ಮನಾ?"

ನನ್ನ ಬಾಯಿ ಕಟ್ಟಿತು. ಪಾಸ್‌ಫ್ರೇಜಿನ ಭಯ, ಕೀಗಳ ಗೋಜಲು, ಇವೆಲ್ಲ ಕಲಿತರೆ ಕಳೆಯುವಂಥವು. ಈ ಪ್ರಶ್ನೆಗೆ ಯಾವ ಸಾಫ್ಟ್‌ವೇರಿನಲ್ಲೂ ಉತ್ತರವಿಲ್ಲ. ನಮ್ಮ ಅಜ್ಜಿ ತೀರಿಕೊಂಡ ಮೇಲೆ ದೊಡ್ಡಮ್ಮ ಉಗ್ರಾಣಕ್ಕೆ ಬೀಗ ಹಾಕಿದ ದಿನವೇ ಒಟ್ಟು ಕುಟುಂಬ ಒಡೆಯಿತು ಎಂದು ಅಪ್ಪ ಹೇಳುತ್ತಿದ್ದರು. ಉಗ್ರಾಣದಲ್ಲಿ ಇದ್ದದ್ದು ಎರಡು ಪಲ್ಲ ರಾಗಿ, ಒಂದು ಡಬ್ಬ ಬೆಲ್ಲ. ಅದನ್ನು ಯಾರೂ ಕದ್ದಿರಲಿಲ್ಲ. ಆದರೆ ಬೀಗ ನೇತಾಡಿದ ಗಳಿಗೆಯಿಂದ ಮನೆಯವರೆಲ್ಲ ಕಳ್ಳರಾದರು.

ಇದನ್ನು ಹುಡುಗನಿಗೆ ಹೇಳಿದರೆ ಅದಕ್ಕೂ ಅಧ್ಯಯನ ಇದೆ ಎಂದ. 2006ರಲ್ಲಿ ಅಮೆರಿಕದ ಮೂವರು ಸಂಶೋಧಕರು ಒಂದು ಹೋರಾಟದ ಸಂಸ್ಥೆಯ ನೌಕರರನ್ನು ಮಾತಾಡಿಸಿದರಂತೆ. ಗುಟ್ಟು ಕಾಯುವುದೇ ಕೆಲಸದ ಭಾಗವಾಗಿದ್ದ ಜನ. ಅವರಿಗೂ ಎಲ್ಲ ಮೇಲಿಗೂ ಬೀಗ ಹಾಕುವವನು ಭ್ರಾಂತು ಹಿಡಿದವನಂತೆ ಕಾಣುತ್ತಿದ್ದ. ಊಟಕ್ಕೆ ಹೋಗೋಣವಾ ಎಂಬುದಕ್ಕೂ ಬೀಗ ಬಂದರೆ, ಇವನಿಗೆ ಏನಾಗಿದೆ ಎಂದು ನೋಡುತ್ತಿದ್ದರು. ಮುಖ್ಯವಾದದ್ದಕ್ಕೆ ಮಾತ್ರ ಹಾಕಿದರೆ ಬೀಗವೇ ಡಂಗುರವಾಗಿ, 'ಇಲ್ಲಿದೆ ಗುಟ್ಟು' ಎಂದು ಸಾರುತ್ತದೆ. ಹಾಕಿದರೆ ಹುಚ್ಚ, ಹಾಕದಿದ್ದರೆ ಪೆದ್ದ.

ಅಂತೂ ಎರಡನೆಯ ಮೇಲು ಹೊರಟಿತು. ತಮ್ಮನ ಬೀಗವನ್ನೇ ಒತ್ತಿದ್ದೆ. ಅವನು ತೆರೆದು ಓದಿ, "ಬಂತು ಕಣಣ್ಣಾ!" ಎಂದು ಫೋನಿನಲ್ಲಿ ಕಿರುಚಿದ. ನಾನು ಎದ್ದುನಿಂತು ನನ್ನಾಕೆಯ ಮುಂದೆ ಪಂಚೆ ಕೊಡವಿದೆ. ಕಾಫಿ ಕೇಳುವ ಧೈರ್ಯ ಬಂತು. ಕಾಫಿ ಬರುವ ಮೊದಲು ಭಾವನ ಫೋನು ಬಂತು.

"ಏನಯ್ಯಾ, ಚೆನ್ನಾಗಿದೀಯಾ?"

"ಚೆನ್ನಾಗಿದೀನಿ ಭಾವ. ನೀವು?"

"ನಾನೂ ಚೆನ್ನಾಗಿದೀನಿ. ಅಲ್ಲಯ್ಯಾ, ಒಂದು ಸಂಶಯ. 'ಅರಸೀಕೆರೆ ಸೈಟ್ ಮಾರಾಟ, ಮುಂಗಡದ ವಿವರ, ಅತಿ ಗೋಪ್ಯ, ಭಾವನಿಗೆ ತಿಳಿಸಬೇಡಿ'. ಇದರಲ್ಲಿ ಭಾವ ಅಂದ್ರೆ ಯಾರು? ನಾನೇನಾ?"

ಮಹಾಜನಗಳೇ, ಬೀಗ ಬಿದ್ದಿದ್ದು ಕಾಗದದ ಒಡಲಿಗೆ. ಮೇಲಿನ ವಿಷಯದ ಸಾಲಿಗೆ ಅಲ್ಲ. ಕೆಲವು ತಂತ್ರಾಂಶಗಳು ಈಗ ಅದನ್ನೂ ಮುಚ್ಚುತ್ತವಂತೆ. ನನ್ನ ಬಾಲಂಗೋಚಿ ಮುಚ್ಚುತ್ತಿರಲಿಲ್ಲ. ಯಾರಿಂದ, ಯಾರಿಗೆ, ಯಾವಾಗ, ಯಾವ ವಿಷಯ, ಇಷ್ಟೂ ಡಬ್ಬಿಯ ಹೊರಗೆ ಅಂಟಿಸಿದ ಚೀಟಿಯಂತೆ ಬಯಲಲ್ಲೇ ಇರುತ್ತವೆ. ಆಡಳಿತ ಪತ್ರವ್ಯವಹಾರ ಕಲಿಸಿದ ಮೇಷ್ಟರಾದ್ದರಿಂದ, 'ವಿಷಯದ ಸಾಲಿನಲ್ಲಿ ಪತ್ರದ ಸಾರಾಂಶ ಸ್ಪಷ್ಟವಾಗಿರಬೇಕು' ಎಂದು ಮೂವತ್ತಮೂರು ವರ್ಷ ಬರೆಸಿದ್ದನ್ನು ನಾನೇ ಚಾಚೂ ತಪ್ಪದೆ ಪಾಲಿಸಿದ್ದೆ. ಎರಡು ಸಲವೂ ಅಕ್ಕನ ಪ್ರತಿ ಹೋದದ್ದು ಅವಳ ಮೇಲಿಗೆ. ಅವಳ ಮೇಲು ತೆರೆದುಕೊಳ್ಳುವುದು ಭಾವನ ಫೋನಿನಲ್ಲಿ. ನಮ್ಮ ಪೈಕಿ ಯಾರ ಮನೆಯಲ್ಲಿ ಗಂಡನಿಗೊಂದು ಹೆಂಡತಿಗೊಂದು ಮೇಲ್ ಇದೆ ಹೇಳಿ!

"ಮೊದಲನೇದು ಬಂದಾಗಲೇ ನೋಡಿದ್ದೆ" ಎಂದರು ಭಾವ. "ಪಾಪ, ತಿಳಿಸಬೇಡಿ ಅಂತ ಇದೆಯಲ್ಲ ಅಂತ ಸುಮ್ಮನಿದ್ದೆ. ಎರಡನೇ ಸಲಾನೂ ಬಂದಾಗ, ಇವನು ನನಗೆ ತಿಳಿಸೋಕೇ ಬರೀತಿದಾನೆ ಅನ್ನಿಸ್ತು. ಸರಿ, ನಮ್ಮ ಹುಡುಗ ಒಬ್ಬ ಇದಾನೆ. ಭಾನುವಾರ ಕರ್ಕೊಂಡು ಬರ್ತೀನಿ."

ನನ್ನಾಕೆ ಕಾಫಿ ಲೋಟ ಇಟ್ಟು ಕೇಳಿದಳು: "ಈಗ ಅದನ್ನೇ ವಾಟ್ಸಾಪಿನಲ್ಲಿ ಕಳಿಸಿದ್ರೆ ಏನಾಗ್ತಿತ್ತು?"

ಏನಾಗುತ್ತಿತ್ತು? ಗುಟ್ಟು ಉಳಿಯುತ್ತಿತ್ತು. 2016ರ ಏಪ್ರಿಲ್‌ನಿಂದ ಅದರ ಎಲ್ಲ ಸಂದೇಶಗಳಿಗೂ ಇದೇ ಜಾತಿಯ ಬೀಗ ತಾನಾಗಿ ಬೀಳುತ್ತಿದೆ. 'ಗುಡ್ ಮಾರ್ನಿಂಗ್' ಗುಲಾಬಿಗೂ, ನಾಳೆ ಹಾಲು ಬೇಡ ಎಂಬುದಕ್ಕೂ ಬೀಗ. ಯಾರೂ ಕೀ ಮಾಡಿಸಲಿಲ್ಲ, ಯಾರೂ ಸ್ಟೇಷನ್ನಿನ ಹೆಸರು ಕೂಗಲಿಲ್ಲ, ಯಾವ ತಮ್ಮನೂ ನೊಂದುಕೊಳ್ಳಲಿಲ್ಲ. ಎಲ್ಲದಕ್ಕೂ ಬಿದ್ದದ್ದರಿಂದ ಅದು ಬೀಗ ಎಂದೇ ಯಾರಿಗೂ ಅನ್ನಿಸಲಿಲ್ಲ. ಹಗಲೂ ರಾತ್ರಿ ಗೂಢಲಿಪಿಯಲ್ಲೇ ಹರಟುವ ನನ್ನಾಕೆಗೆ ತಾನು ಹಾಗೆ ಮಾಡುತ್ತಿದ್ದೇನೆ ಎಂಬುದೇ ಗೊತ್ತಿಲ್ಲ. ಎಲ್ಲ ಗೊತ್ತಿದ್ದ ನಾನು ಬಯಲಾದೆ.

ನಮಗೆ ಖಾಸಗಿತನ ಬೇಡ ಎಂದಲ್ಲ. ಅದು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದ ಮೊಕದ್ದಮೆಯ ಮೊದಲ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಅರ್ಜಿ ಹಾಕಿದವರು. ಆ ತೀರ್ಪಿನ ಸುದ್ದಿಯನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದರ ಜೆರಾಕ್ಸ್ ಮಾಡಿಸಲು ಹೋದ ಅಂಗಡಿಯಲ್ಲಿ ಮುಂದಿದ್ದ ಹೆಂಗಸು ಆಧಾರ್ ಪ್ರಿಂಟ್ ತೆಗೆಸುತ್ತಿದ್ದರು. ಆ ಫೈಲಿಗೂ ಬೀಗ ಇರುತ್ತದೆ: ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ, ಜೊತೆಗೆ ಹುಟ್ಟಿದ ವರ್ಷ. ಅಂಗಡಿಯ ಹುಡುಗ ಗಟ್ಟಿಯಾಗಿ, "ಹುಟ್ಟಿದ ವರ್ಷ ಹೇಳಿ ಮೇಡಂ" ಎಂದ. ಆಕೆ ಹಿಂದಿದ್ದ ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಒಂದು ಕ್ಷಣ ತಡೆದು, ಕಿವಿಯಲ್ಲಿ ಉಸುರಿದರು. ಆಧಾರ್ ನಂಬರು ಅಂಗಡಿಯವನ ಕಂಪ್ಯೂಟರಿನಲ್ಲಿ ಉಳಿದದ್ದಕ್ಕೆ ಆಕೆಗೆ ಚಿಂತೆ ಇರಲಿಲ್ಲ. ವಯಸ್ಸು ಮಾತ್ರ ಗುಟ್ಟು. ಯಾವುದಕ್ಕೆ ಬೀಗ ಬೇಕೆಂಬುದನ್ನು ಮನುಷ್ಯರು ತಾವೇ ತೀರ್ಮಾನಿಸುತ್ತಾರೆ.

ಭಾನುವಾರ ಭಾವ ತಮ್ಮ 'ಹುಡುಗ'ನೊಂದಿಗೆ ಬಂದರು. ಹುಡುಗನಿಗೆ ಐವತ್ತೈದು. ಹೋಳಿಗೆ ಊಟವಾಯಿತು. ಸೈಟಿನ ಬೆಲೆ, ನನ್ನ ಖಾತೆ, ಮುಂಗಡ ಎಲ್ಲವೂ ಊಟದೆಲೆಯ ಮೇಲೆ ಬಡಿಸಿದಂತೆ ಬಹಿರಂಗ ಚರ್ಚೆಯಾದವು. ಅಂಗಳದಲ್ಲಿ ಹೂ ಅಳೆಯುತ್ತಿದ್ದ ಹೂವಿನವಳೂ ಒಂದು ಒಳ್ಳೆಯ ಸಲಹೆ ಕೊಟ್ಟಳು. ಭಾವನ ಮನಸ್ಸು ತಿಳಿಯಾಗಲಿ ಎಂದು ಹೊರಡುವಾಗ ನನ್ನಾಕೆ ತಾಂಬೂಲದ ಜೊತೆ ಏನನ್ನೋ ಹಳೆಯ ಕವರಿನಲ್ಲಿ ಸುತ್ತಿಕೊಟ್ಟಳು.

ವಾರದ ನಂತರ ತಮ್ಮ ತನ್ನ ಹೊಸ ವಿದ್ಯೆ ತೋರಿಸಲು ನನ್ನ ಬೀಗ ಒತ್ತಿ ಒಂದು ಮೇಲ್ ಕಳಿಸಿದ. ತೆರೆಯಲು ಪಾಸ್‌ಫ್ರೇಜ್ ಬೇಕು. ನೆನಪಾಗಲಿಲ್ಲ. ಮಂಚದ ಕೆಳಗೆ ಬಗ್ಗಿದೆ. ಮೊದಲ ಕಟ್ಟಿನ ಮೇಲಿನ ಪ್ರತಿ ಇರಲಿಲ್ಲ.

"ಭಾವನವರಿಗೆ ಅದನ್ನೇ ಅಲ್ವಾ ಕೊಟ್ಟಿದ್ದು" ಎಂದಳು ಒಳಗಿನಿಂದ.

ತಮ್ಮನ ಮೇಲು ಹಾಗೇ ಇದೆ. ಅದರಲ್ಲಿದ್ದುದನ್ನು ಅವನೇ ಫೋನ್ ಮಾಡಿ ಅರ್ಧ ನಿಮಿಷದಲ್ಲಿ ಹೇಳಿದ: ಮಳೆ ಚೆನ್ನಾಗಿದೆ. ಈಗ ನನ್ನ ಚಿಂತೆಯೆಲ್ಲ ಆ ಚೀಟಿಯದು. ಅದು ಭಾವನ ಕೈಗೆ ಸಿಕ್ಕರೆ ನಗೆಪಾಟಲು. ಕೇಳೋಣವೆಂದರೆ, ಎಲ್ಲಿದೆ ಎಂದು ನಾನೇ ಹೇಳಿದಂತಾಗುತ್ತದೆ. ಮೊನ್ನೆ ಅವರ ಫೋನು ಬಂತು. ಉಸಿರು ಬಿಗಿಹಿಡಿದು ಎತ್ತಿದೆ.

"ನಿನ್ನ ಪುಸ್ತಕ ಓದಿದೆ ಕಣಯ್ಯಾ! ಮೊದಲನೇ ಪುಟದಿಂದ ಕೊನೇ ಪುಟದವರೆಗೆ ಕೆಳಗಿಡದೆ ಓದಿದೆ. ಅದರಲ್ಲೂ ಆ 'ಮೌನ' ಇದೆಯಲ್ಲ, ಏನು ಬರೆದಿದೀಯ!"

ಚೀಟಿಯ ಸುದ್ದಿಯೇ ಇಲ್ಲ. ನಾನು ನೆಮ್ಮದಿಯಿಂದ ಉಸಿರು ಬಿಟ್ಟೆ. ಪುಸ್ತಕ ಯಾರೂ ತೆರೆದಿಲ್ಲ, ನನ್ನ ಬೀಗದ ಕೈ ಭದ್ರವಾಗಿದೆ.